ಮಳೆಗಾಲದ ಆರ್‌ಎಸ್‌ವಿ: ಬಾಣಂತಿ ಮನೆಯ ಎಳೆಗೂಸಿಗೆ ಕಾವಲು ಹೇಗೆ?

ಉಪಕೇಂದ್ರ_ಮಲೆನಾಡು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಮ್ಮ ಉಪಕೇಂದ್ರದಲ್ಲಿ ತಾಯಂದಿರ ಸಭೆ ಇದೆ. ಆರು ತಿಂಗಳೊಳಗಿನ ಕೂಸಿರುವವರು, ನವೆಂಬರ್ ಒಳಗೆ ಹೆರಿಗೆ ಆಗಲಿರುವವರು, ಬಾಣಂತನ ಮಾಡುವ ಅಮ್ಮಂದಿರು, ಅತ್ತೆಯಂದಿರು ಬರುತ್ತಾರೆ. ವಿಷಯ ಆರ್‌ಎಸ್‌ವಿ, ಪೂರ್ತಿ ಹೆಸರು ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್. ದೊಡ್ಡವರಲ್ಲಿ ಬರೀ ನೆಗಡಿಯಾಗಿ ಹೋಗುವ ಇದು ಎಳೆಗೂಸಿನ ಎದೆಗಿಳಿದರೆ ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ಕವಲುಗಳ ಊತ, ಆಗುತ್ತದೆ ಎನ್ನುವುದು ನಮಗೆ ಗೊತ್ತು. ಮನೆಯವರಿಗೆ ಅರ್ಥವಾಗುವ ಹಾಗೆ, ಅವರ ಮನೆಯಲ್ಲಿ ಮಾಡಲಿಕ್ಕೆ ಆಗುವ ಹಾಗೆ ಹೇಳುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಮುಖ್ಯವಾಗಿ ಬೇಕಿರುವುದು ಇಷ್ಟು. ಯಾವ ಕೂಸಿಗೆ ಅಪಾಯ ಹೆಚ್ಚು, ನಮ್ಮ ಕಡೆ ಯಾವ ತಿಂಗಳಲ್ಲಿ? ತಾಯಿಗೆ ಉಸಿರು ಎಣಿಸುವುದನ್ನು ಕಲಿಸಬೇಕೆಂದರೆ ಸರಿಯಾದ ಕ್ರಮ ಯಾವುದು, ಎಷ್ಟಾದರೆ ಹೊರಡಬೇಕು? ಬಾಣಂತಿ ಕೋಣೆಯ ಪದ್ಧತಿಗಳಲ್ಲಿ, ಅಂದರೆ ಮುಚ್ಚಿದ ಕಿಟಕಿ, ಸಾಂಬ್ರಾಣಿ ಹೊಗೆ, ಮೂಗಿಗೆ ಎಣ್ಣೆ, ಎದೆಗೆ ಕರ್ಪೂರದ ಎಣ್ಣೆ, ಇವುಗಳಲ್ಲಿ ಯಾವುದನ್ನು ಬಿಡಿಸಲೇಬೇಕು, ಯಾವುದು ಇದ್ದರೂ ನಡೆಯುತ್ತದೆ? ಬರೀ "ಬೇಡ" ಎಂದರೆ ಹಿರಿಯರು ಕೇಳುವುದಿಲ್ಲ, ಕಾರಣ ಕೊಡಬೇಕು. ಇನ್ನೊಂದು, ವಿದೇಶದಲ್ಲಿರುವ ಮಗಳಿಗೆ ಬಸುರಿಯಲ್ಲೇ ಇದಕ್ಕೆ ಇಂಜೆಕ್ಷನ್ ಕೊಟ್ಟರಂತೆ, ನಮಗೆ ಯಾಕಿಲ್ಲ ಎಂದು ಕೇಳುವವರಿದ್ದಾರೆ. ಅವರಿಗೆ ಏನು ಹೇಳಲಿ?

---

ಮಕ್ಕಳವಾರ್ಡ್

ಮೇಡಂ, ಒಳ್ಳೆಯ ಹೊತ್ತಿಗೆ ಕೇಳಿದ್ದೀರಿ. ಉತ್ತರ ಭಾರತದಲ್ಲಿ ಇದು ಚಳಿಗಾಲದ ಕಾಯಿಲೆ. ದಕ್ಷಿಣದಲ್ಲಿ ಮಳೆಯ ಜೊತೆ ಬರುತ್ತದೆ, ಮಳೆಗಾಲದ ನಡುವಿನಿಂದ ಅದು ಮುಗಿದ ಮೇಲಿನ ಕೆಲವು ವಾರಗಳವರೆಗೆ ಹೆಚ್ಚು. ಹಾಗಾಗಿ ಪೇಪರಿನಲ್ಲಿ ಡಿಸೆಂಬರ್, ಜನವರಿಯ ಎಚ್ಚರಿಕೆ ಓದಿ ಕಾಯುತ್ತಾ ಕೂತರೆ ನಮ್ಮ ಸೀಸನ್ ಕಳೆದೇ ಹೋಗಿರುತ್ತದೆ.

ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಇದು ತಗಲುತ್ತದೆ. ಬಹುಪಾಲು ಮಕ್ಕಳು ಮನೆಯಲ್ಲೇ ಗುಣವಾಗುತ್ತಾರೆ. ನಮ್ಮ ಕೆಲಸ ಇರುವುದು ಮೊದಲ ಸಲ ತಗಲುವ ವಯಸ್ಸನ್ನು ಮುಂದಕ್ಕೆ ತಳ್ಳುವುದರಲ್ಲಿ. ಎರಡು ತಿಂಗಳ ಕೂಸಿಗೆ ಬರುವ ಆರ್‌ಎಸ್‌ವಿಗೂ ಒಂದೂವರೆ ವರ್ಷದ ಮಗುವಿಗೆ ಬರುವ ಅದೇ ಆರ್‌ಎಸ್‌ವಿಗೂ ಅಜಗಜಾಂತರ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 1,00,000 ಮಕ್ಕಳು ಪ್ರತಿವರ್ಷ ಇದರಿಂದ ಸಾಯುತ್ತಾರೆ. ಅವರಲ್ಲಿ ಅರ್ಧದಷ್ಟು ಆರು ತಿಂಗಳೊಳಗಿನವರು.

ಕಾರಣವನ್ನು ಸಭೆಯಲ್ಲಿ ಹೀಗೆ ತೋರಿಸಬಹುದು. ಎಳನೀರಿನ ಸ್ಟ್ರಾ ಒಂದು, ತೆಳುವಾದ ಜ್ಯೂಸ್ ಡಬ್ಬಿಯ ಸ್ಟ್ರಾ ಒಂದು ತನ್ನಿ. ಎರಡರ ಒಳಗೂ ಸ್ವಲ್ಪ ಗಂಜಿ ಮೆತ್ತಿ ಊದಲು ಹೇಳಿ. ಅಗಲದ್ದರಲ್ಲಿ ಗಾಳಿ ಹೋಗುತ್ತದೆ, ಸಣ್ಣದು ಕಟ್ಟಿಕೊಳ್ಳುತ್ತದೆ. ಕೂಸಿನ ಶ್ವಾಸಕೋಶದ ಕೊನೆಯ ಕವಲುಗಳು ಆ ಸಣ್ಣ ಸ್ಟ್ರಾಕ್ಕಿಂತಲೂ ಎಷ್ಟೋ ಕಿರಿದು. ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಆಗುವ ತಡೆ ಎರಡು ಪಟ್ಟಲ್ಲ, 16 ಪಟ್ಟು. ವೈರಸ್ ಆ ಕವಲುಗಳ ಒಳಪೊರೆಯನ್ನು ಊದಿಸುತ್ತದೆ, ಸತ್ತ ಪೊರೆ, ಲೋಳೆ ಸೇರಿ ಬಿರಡೆ ಹಾಕಿದಂತಾಗುತ್ತದೆ. ನೆಬ್ಯುಲೈಸರ್‌ನ ಸಾಲ್ಬುಟಮಾಲ್ ಇಲ್ಲಿ ಸಾಮಾನ್ಯವಾಗಿ ಉಪಯೋಗಕ್ಕೆ ಬರದಿರುವುದೂ ಇದೇ ಕಾರಣಕ್ಕೆ. ಅದು ಬಿಗಿದ ಸ್ನಾಯುವನ್ನು ಸಡಿಲಿಸುವ ಔಷಧ, ಲೋಳೆಯ ಬಿರಡೆಯನ್ನು ಕರಗಿಸುವುದಿಲ್ಲ.

ಹೆಚ್ಚು ಅಪಾಯ ಇರುವವರ ಪಟ್ಟಿಯನ್ನು ತಾಯಿ ಕಾರ್ಡ್ ನೋಡಿ ಈಗಲೇ ಮಾಡಿಟ್ಟುಕೊಳ್ಳಿ: 37 ವಾರಕ್ಕೆ ಮುಂಚೆ ಹುಟ್ಟಿದವರು, ಮೂರು ತಿಂಗಳೊಳಗಿನವರು, ಹುಟ್ಟಿನಿಂದ ಹೃದಯದ ತೊಂದರೆ ಇರುವವರು, ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಬಹಳ ದಿನ ಆಮ್ಲಜನಕದ ಮೇಲಿದ್ದವರು, ಡೌನ್ ಸಿಂಡ್ರೋಮ್ ಇರುವವರು. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಎರಡು ಕಡೆಯಿಂದ ನಷ್ಟ. ಶ್ವಾಸಕೋಶ ಬೆಳೆದಿರುವುದಿಲ್ಲ. ಜೊತೆಗೆ ತಾಯಿಯ ರಕ್ತದಿಂದ ಹೊಕ್ಕುಳಬಳ್ಳಿ ಮೂಲಕ ಬರುವ, ರೋಗಾಣುವನ್ನು ತಡೆಯುವ ಪ್ರತಿಕಾಯಗಳ ಹೆಚ್ಚಿನ ಪಾಲು ದಾಟುವುದು ಬಸುರಿಯ ಕೊನೆಯ ವಾರಗಳಲ್ಲಿ. ಆ ವಾರಗಳು ಈ ಕೂಸಿಗೆ ಸಿಕ್ಕಿರುವುದಿಲ್ಲ.

ಈಗ ಉಸಿರು ಎಣಿಸುವುದು. ಕೂಸು ಶಾಂತವಾಗಿರಬೇಕು, ಮಲಗಿದ್ದರೆ ಒಳ್ಳೆಯದು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ ಲೆಕ್ಕ ಕೆಲಸಕ್ಕೆ ಬಾರದು. ಅಂಗಿಯನ್ನು ಎದೆಯವರೆಗೆ ಎತ್ತಿ, ಸುತ್ತಿದ ಬಟ್ಟೆ ಬಿಚ್ಚಿ, ಹೊಟ್ಟೆಯೂ ಎದೆಯೂ ಸೇರುವ ಜಾಗ ಬೆಳಕಿನಲ್ಲಿ ಕಾಣುವಂತಿರಲಿ. ಒಮ್ಮೆ ಮೇಲೆದ್ದು ಇಳಿದರೆ ಒಂದು. ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಎಳೆಗೂಸಿಗೆ ತಪ್ಪು ಲೆಕ್ಕ ಕೊಡುತ್ತದೆ, ಏಕೆಂದರೆ ಈ ವಯಸ್ಸಿನಲ್ಲಿ ಉಸಿರು ಸ್ವಲ್ಪ ಹೊತ್ತು ಬೇಗ, ಸ್ವಲ್ಪ ಹೊತ್ತು ನಿಧಾನ ಸಾಗುವುದು ಸಹಜ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, 2ರಿಂದ 11 ತಿಂಗಳಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಎರಡು ತಿಂಗಳೊಳಗಿನ ಕೂಸಿಗೆ 60 ದಾಟಿದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ. ಆಗಲೂ ದಾಟಿದರೆ ಹೊರಡುವುದೇ.

ಲೆಕ್ಕ ಕಡಿಮೆ ಇದ್ದರೂ ಕಾಯದೆ ಹೊರಡಬೇಕಾದ ಲಕ್ಷಣಗಳಿವೆ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೇದುವುದು, ಪ್ರತಿ ಉಸಿರಿಗೂ ನರಳುವ ಸದ್ದು, ಮೂಗಿನ ಹೊಳ್ಳೆ ಅರಳುವುದು, ತುಟಿ, ನಾಲಗೆ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್. ಎರಡು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಇದ್ದರೆ, 35.5ಕ್ಕಿಂತ ತಣ್ಣಗಾದರೆ ಅದೊಂದೇ ಸಾಕು. ಇವೆಲ್ಲಕ್ಕಿಂತ ಮೋಸ ಮಾಡುವುದು ಉಸಿರು ನಿಲ್ಲುವುದು. ತಿಂಗಳು ತುಂಬದೆ ಹುಟ್ಟಿದವರಲ್ಲಿ, ಎರಡು ತಿಂಗಳೊಳಗಿನವರಲ್ಲಿ ಕೆಮ್ಮು, ಗೊರಗೊರ ಶುರುವಾಗುವ ಮೊದಲೇ ಹತ್ತಿಪ್ಪತ್ತು ಸೆಕೆಂಡು ಉಸಿರು ನಿಂತು ಕೂಸು ಬಿಳಿಚಿಕೊಳ್ಳಬಹುದು. "ಒಂದು ಕ್ಷಣ ಮಂಕಾಗಿತ್ತು, ಈಗ ಸರಿ ಇದೆ" ಎಂದು ಯಾರಾದರೂ ಹೇಳಿದರೆ ಅದನ್ನು ಸರಿ ಇದೆ ಎಂದು ಬರೆದುಕೊಳ್ಳಬೇಡಿ, ಅದೇ ದಿನ ಕಳಿಸಿ.

ಹಾಲಿನ ಲೆಕ್ಕವೂ ಉಸಿರಿನ ಲೆಕ್ಕದಷ್ಟೇ ಮುಖ್ಯ. ಕೂಸು ಎರಡು ಮೂರು ಚೀಪು ಚೀಪಿ ಮೊಲೆ ಬಿಟ್ಟು ಏದುಸಿರು ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಸುಸ್ತಾಗಿ ಮಲಗುತ್ತದೆ. ಮಾಮೂಲಿನ ಅರ್ಧಕ್ಕಿಂತ ಕಡಿಮೆ ಕುಡಿದರೆ, 12 ಗಂಟೆ ಉಚ್ಚೆ ಹೊಯ್ಯದಿದ್ದರೆ ಆಸ್ಪತ್ರೆ. ತಾಯಂದಿರು ಉಸಿರನ್ನು ತಪ್ಪು ಎಣಿಸಬಹುದು, ಒದ್ದೆ ಬಟ್ಟೆಯನ್ನು ತಪ್ಪು ಎಣಿಸುವುದಿಲ್ಲ.

ದಿನಗಳ ಲೆಕ್ಕವನ್ನೂ ಹೇಳಿಕೊಡಿ. ಮೊದಲ ಎರಡು ದಿನ ಸುರಿಯುವ ಮೂಗು, ಆಮೇಲೆ ಕೆಮ್ಮು, ಗೊರಗೊರ. ಮೂರರಿಂದ ಐದನೇ ದಿನ ಅತಿ ಹೆಚ್ಚು ಕಷ್ಟ. ಎರಡನೇ ದಿನ ಡಾಕ್ಟರು "ಎದೆ ಸರಿ ಇದೆ" ಎಂದಿದ್ದು ನಾಲ್ಕನೇ ದಿನಕ್ಕೆ ಅನ್ವಯಿಸುವುದಿಲ್ಲ. ತೋರಿಸಿಕೊಂಡು ಬಂದೆವಲ್ಲ ಎಂಬ ಧೈರ್ಯದಲ್ಲಿ ಮನೆಯವರು ಮೈಮರೆಯುವುದು ಇಲ್ಲೇ.

ನಿಮ್ಮ ಭೇಟಿಯ ವೇಳಾಪಟ್ಟಿಯಲ್ಲಿರುವ ಒಂದು ಕಂದಕವನ್ನೂ ನೋಡಿ. ಆಸ್ಪತ್ರೆ ಹೆರಿಗೆಗೆ ಆಶಾ ಮನೆಭೇಟಿ 3, 7, 14, 21, 28, 42ನೇ ದಿನ. ಮುಂದಿನದು ಮೂರನೇ ತಿಂಗಳು. ಆರ್‌ಎಸ್‌ವಿ ಕೂಸನ್ನು ಆಸ್ಪತ್ರೆಗೆ ಎಳೆಯುವ ವಯಸ್ಸು ಆ ನಡುವಿನ ಏಳು ವಾರಗಳಲ್ಲೇ ಬರುತ್ತದೆ. ಆದ್ದರಿಂದ 42ನೇ ದಿನದ ಭೇಟಿಯಲ್ಲಿ ತಾಯಿಯ ಕೈಯಲ್ಲೇ ಉಸಿರು ಎಣಿಸಿಸಿ. 10ನೇ ವಾರದ ಪೆಂಟಾ (ಐದು ಕಾಯಿಲೆಗಳ ಲಸಿಕೆ) ಹಾಕಿಸಲು ಬಂದಾಗ ಇನ್ನೊಮ್ಮೆ ಎಣಿಸಿಸಿ.

---

ಹೆರಿಗೆಮನೆ_ಸಿಸ್ಟರ್

ಪದ್ಧತಿಗಳ ಬಗ್ಗೆ ನಾನು ಬರೆಯುತ್ತೇನೆ. ಮೊದಲಿಗೆ, ಬಾಣಂತನದ ಕಟ್ಟುಪಾಡಿನಲ್ಲಿ ನಮಗೆ ಅನುಕೂಲವಾದದ್ದೇ ಬಹಳ ಇದೆ. ಪುರುಡಿನ ಹನ್ನೊಂದು ದಿನ ಹೊರಗಿನವರು ಕೂಸನ್ನು ಎತ್ತಿಕೊಳ್ಳದಿರುವುದು ಎಷ್ಟೋ ಮನೆಗಳಲ್ಲಿ ಇಂದಿಗೂ ನಡೆದಿದೆ. ಹಿರಿಯರಿಗೆ ಹೇಳುವಾಗ ಅಲ್ಲಿಂದಲೇ ಶುರು ಮಾಡಿ: ಈ ಮಳೆಗಾಲದಲ್ಲಿ ಆ ಹನ್ನೊಂದು ದಿನವನ್ನು ಎರಡು ಮೂರು ತಿಂಗಳಿಗೆ ಎಳೆಯೋಣ ಅನ್ನಿ. ಹೊಸದೇನನ್ನೋ ಹೇರುತ್ತಿದ್ದೀರಿ ಅನಿಸುವುದಿಲ್ಲ. ನೋಡಲು ಬಂದವರು ಬಾಗಿಲಲ್ಲಿ ನಿಂತು ನೋಡಲಿ. ತೊಟ್ಟಿಲು ಶಾಸ್ತ್ರ, ನಾಮಕರಣ ಮಾಡುವುದಿದ್ದರೆ ಮನೆಯವರಷ್ಟೇ ಇರಲಿ. ಕೂಸು ತಾಯಿಯ ಮಡಿಲಲ್ಲೇ ಇರಲಿ, ಕೈಯಿಂದ ಕೈಗೆ ಸಾಗುವುದು ಬೇಡ.

ಎಣ್ಣೆ ತೀಡಿ ಬೆಚ್ಚಗಿನ ನೀರು ಹಾಕುವುದು, ಕುಲಾವಿ, ದೃಷ್ಟಿಬೊಟ್ಟು ಯಾವುದೂ ತೊಂದರೆಯಲ್ಲ. ಜ್ವರ, ಏದುಸಿರು ಇರುವ ದಿನ ಮಾತ್ರ ತಲೆಗೆ ನೀರು ಬೇಡ, ಮೈ ಒರೆಸಿದರೆ ಸಾಕು.

ಬಿಡಿಸಲೇಬೇಕಾದದ್ದರಲ್ಲಿ ಮೊದಲನೆಯದು ಮೂಗಿಗೆ, ಬಾಯಿಗೆ ಎಣ್ಣೆ ಬಿಡುವುದು. ನೀರು ಹಾಕುವಾಗ ಕೊಬ್ಬರಿ ಎಣ್ಣೆ, ತುಪ್ಪ, ಹರಳೆಣ್ಣೆ ಮೂಗಿಗೆ ಎರಡು ಹನಿ ಬಿಡುವ ರೂಢಿ ಇದೆ. ನೀರಾದರೆ ಕೂಸು ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ಕೆಮ್ಮು ಬರಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಜಾರುತ್ತದೆ, ಅಲ್ಲೇ ಕೂತು ಎಣ್ಣೆಯ ನ್ಯುಮೋನಿಯಾ ಮಾಡುತ್ತದೆ. ಅದಕ್ಕೆ ಯಾವ ಆ್ಯಂಟಿಬಯೋಟಿಕ್ಕೂ ನಾಟುವುದಿಲ್ಲ. ಅದರ ಮೇಲೆ ಆರ್‌ಎಸ್‌ವಿ ಬಂದರೆ ಕೂಸಿಗೆ ಉಸಿರಾಡಲು ಉಳಿಯುವ ಜಾಗವೇ ಕಡಿಮೆ.

ಎರಡನೆಯದು, ಸ್ನಾನದ ನಂತರ ಮೂಗಿಗೆ, ಕಿವಿಗೆ ಬಾಯಿಂದ ಊದುವುದು, ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುವುದು. ಊದುವ ಅಜ್ಜಿಗೆ ಸಣ್ಣ ನೆಗಡಿ ಇದ್ದರೆ ವೈರಸ್ಸನ್ನು ನೇರ ಮೂಗಿನೊಳಗೇ ಇಟ್ಟಂತೆ. ಕಾರಣ ಹೇಳಿದರೆ ಇದನ್ನು ಬಹಳ ಬೇಗ ಬಿಡುತ್ತಾರೆ.

ಮೂರನೆಯದು ಕರ್ಪೂರ. ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಎದೆಗೆ ಹಚ್ಚುವುದು, ಬಟ್ಟೆಯಲ್ಲಿ ಕಟ್ಟಿ ತೊಟ್ಟಿಲಿಗೆ ತೂಗುಹಾಕುವುದು ಎರಡೂ ಬೇಡ. ಎಳೆಚರ್ಮದಿಂದ, ಉಸಿರಿನಿಂದ ಅದು ರಕ್ತಕ್ಕೆ ಸೇರಿ ಫಿಟ್ಸ್ ತರಬಲ್ಲದು. ಕರ್ಪೂರ ಇರುವ ಬಾಮುಗಳ ಡಬ್ಬಿಯ ಮೇಲೆ ಎರಡು ವರ್ಷದೊಳಗೆ ಬಳಸಬಾರದು ಎಂದೇ ಬರೆದಿರುತ್ತದೆ, ಸಭೆಯಲ್ಲಿ ಒಂದು ಡಬ್ಬಿ ಹಿಡಿದು ಓದಿಸಿ.

ನೆಗಡಿಗೆ ಜೇನು ನೆಕ್ಕಿಸುವುದು ಒಂದು ವರ್ಷದವರೆಗೆ ಬೇಡ. ಬಾಟುಲಿಸಂ ಎಂಬ, ಸ್ನಾಯುಗಳನ್ನು ಸೋಲಿಸುವ ಕಾಯಿಲೆಯ ಬೀಜಕಣ ಅದರಲ್ಲಿ ಇರಬಹುದು. ತಾಯಿಗೆ ನೆಗಡಿ ಬಂದರೆ ಎದೆಹಾಲು ನಿಲ್ಲಿಸುವವರೂ ಇದ್ದಾರೆ, ನಿಲ್ಲಿಸಬಾರದು. ಮೂಗು, ಬಾಯಿ ಎರಡೂ ಮುಚ್ಚುವ ಮಾಸ್ಕ್ ಹಾಕಿ, ಕೈ ತೊಳೆದು ಕುಡಿಸಲಿ. ಕೂಸಿಗೆ ಮಾತ್ರ ಎಂದೂ ಮಾಸ್ಕ್ ಹಾಕಬಾರದು, ಉಸಿರುಗಟ್ಟುತ್ತದೆ.

---

ಉಪಕೇಂದ್ರ_ಮಲೆನಾಡು

ಇಬ್ಬರಿಗೂ ಧನ್ಯವಾದ. 42ನೇ ದಿನದ ವಿಷಯ ನಮ್ಮ ಆಶಾ ಕಾರ್ಯಕರ್ತೆಯರಿಗೆ ನಾಳೆಯೇ ಹೇಳುತ್ತೇನೆ.

ಸಿಸ್ಟರ್, ಸಾಂಬ್ರಾಣಿ ಬಗ್ಗೆ ಬರೆಯಲಿಲ್ಲ. ಅದೇ ಅತಿ ಕಷ್ಟದ್ದು. ಮಳೆಗಾಲದಲ್ಲಿ ಕೂಸಿನ ಬಟ್ಟೆ ಒಣಗುವುದಿಲ್ಲ, ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಹೊಗೆಯಲ್ಲೇ ಒಣಗಿಸುತ್ತಾರೆ. ಇನ್ನೊಂದು, ಒಂದು ಕೋಣೆ, ಒಂದು ಅಡುಗೆಮನೆ ಇರುವ ಲೈನ್ ಮನೆಗಳಲ್ಲಿ ಅಂಗನವಾಡಿಗೆ ಹೋಗುವ ದೊಡ್ಡ ಮಗುವಿಗೆ ನೆಗಡಿ ಬಂದರೆ ಎಲ್ಲಿ ಅಂತ ದೂರ ಇಡುವುದು?

---

ಹೆರಿಗೆಮನೆ_ಸಿಸ್ಟರ್

ಸಾಂಬ್ರಾಣಿಯನ್ನು ಬೇಕೆಂದೇ ಬಿಟ್ಟಿದ್ದೆ, ಅದಕ್ಕೆ ಪೂರ್ತಿ ಉತ್ತರ ಬೇಕು.

ಹೊಗೆ ಏನು ಮಾಡುತ್ತದೆ ಎಂದರೆ, ಶ್ವಾಸನಾಳದ ಒಳಗೆ ಲೋಳೆಯನ್ನು ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳಿವೆ, ಅವನ್ನು ಜಡ ಮಾಡುತ್ತದೆ. ಗುಡಿಸುವವರಿಲ್ಲದ ಮನೆಯಲ್ಲಿ ಕಸ ಕಟ್ಟಿದ ಹಾಗೆ ಲೋಳೆ ಕಟ್ಟುತ್ತದೆ. ಸಾಂಬ್ರಾಣಿ, ಸೌದೆ ಒಲೆ, ಬೀಡಿ, ಸೊಳ್ಳೆ ಬತ್ತಿ ಈ ವಿಷಯದಲ್ಲಿ ಒಂದೇ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಅಪಾಯ ಬೇರೆ, ಅದು ಬಾಣಂತಿಗೂ ಕೂಸಿಗೂ ಪ್ರಾಣಾಂತಿಕ.

ಹಾಗಂತ ಒಮ್ಮೆಲೇ ನಿಲ್ಲಿಸಿ ಎಂದರೆ ನೀವು ಹೋದ ಮೇಲೆ ಹಾಕುತ್ತಾರೆ. ಹಾಕಲೇಬೇಕು ಎನ್ನುವ ಮನೆಗೆ ಹೀಗೆ ಹೇಳಿ: ತಾಯಿ, ಕೂಸು ಬೇರೆ ಕಡೆ ಇರುವಾಗ, ಅವರಿಲ್ಲದ ಜಾಗದಲ್ಲಿ ಹಾಕಿ, ಕಿಟಕಿ ತೆರೆದು ಹೊಗೆಯ ವಾಸನೆ ಪೂರ್ತಿ ಹೋದ ಮೇಲಷ್ಟೇ ಕೂಸನ್ನು ತನ್ನಿ. ತಲೆ ಕೂದಲಿಗೆ ಹಿಡಿಯುವುದಿದ್ದರೆ ಬಾಣಂತಿ ಹೊರಗಿನ ಜಗಲಿಯಲ್ಲಿ ಕೂತು ಹಿಡಿಸಿಕೊಳ್ಳಲಿ. ಬಟ್ಟೆಗೆ ದಾರಿ ಬೇರೆ. ಹಿಂಡಿದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುತ್ತಿ ಇನ್ನೊಮ್ಮೆ ಹಿಂಡಿ, ಫ್ಯಾನಿನಡಿ ಹರವಿ, ಆಮೇಲೆ ಇಸ್ತ್ರಿ ಹಾಕಿದರೆ ಒಣಗುತ್ತದೆ. ಕರೆಂಟ್ ಇಲ್ಲದ ದಿನ ಹೊಗೆ ಕಾರದ ಬಚ್ಚಲೊಲೆಯ ಹಂಡೆಯ ಮೇಲೆ ಹಾಸಿ.

ಕಿಟಕಿ: ಗಾಳಿ ಕೂಸಿನ ಮೇಲೆ ನೇರ ಬೀಸಬಾರದು ಎಂಬ ಅಜ್ಜಿಯ ಮಾತು ಸರಿ, ಕೋಣೆಗೆ ಗಾಳಿಯೇ ಬರಬಾರದು ಎಂಬುದು ಸರಿಯಲ್ಲ. ತೊಟ್ಟಿಲನ್ನು ಕಿಟಕಿಯಿಂದ ದೂರದ ಮೂಲೆಗೆ ಸರಿಸಿ, ಕಿಟಕಿಯ ಮೇಲಿನ ಅರ್ಧ ತೆರೆದಿಡಿ. ಕೂಸು ಬೆಚ್ಚಗಿದೆಯೋ ಎಂದು ಅಂಗೈ ಮುಟ್ಟಿ ನೋಡಬೇಡಿ, ಅದು ಸಾಮಾನ್ಯವಾಗಿ ತಣ್ಣಗೇ ಇರುತ್ತದೆ. ಹೊಟ್ಟೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ.

ದೊಡ್ಡ ಮಗುವಿನ ಪ್ರಶ್ನೆಗೆ. ಕೂಸಿಗೆ ಆರ್‌ಎಸ್‌ವಿ ತರುವವರಲ್ಲಿ ಅಣ್ಣ, ಅಕ್ಕಂದಿರೇ ಮೊದಲು. ಒಂದೇ ಕೋಣೆಯಲ್ಲಿ ದೂರ ಇಡಲು ಆಗುವುದಿಲ್ಲ, ನಿಜ. ಆದರೆ ಈ ವೈರಸ್ ಹೆಚ್ಚಾಗಿ ಹತ್ತಿರದ ಕೆಮ್ಮು, ಸೀನಿನ ಹನಿಗಳಿಂದ, ಸಿಂಬಳದ ಕೈ ಕೂಸಿನ ಕಣ್ಣು ಮೂಗಿಗೆ ತಾಗುವುದರಿಂದ ಹೋಗುತ್ತದೆ. ಕೈ ಮೇಲೆ ಅದು ಅರ್ಧ ಗಂಟೆಯ ಹತ್ತಿರ ಬದುಕುತ್ತದೆ, ಪ್ಲಾಸ್ಟಿಕ್ ಆಟಿಕೆ, ಸ್ಟೀಲ್ ಲೋಟದಂಥ ಗಟ್ಟಿ ವಸ್ತುವಿನ ಮೇಲೆ ಹಲವು ಗಂಟೆ. ಸೋಪಿಗೆ ಮಾತ್ರ ತಕ್ಷಣ ಸೋಲುತ್ತದೆ, ಏಕೆಂದರೆ ಅದರ ಮೇಲ್ಹೊದಿಕೆ ಕೊಬ್ಬಿನದು, ಜಿಡ್ಡಿನ ಪಾತ್ರೆಯ ಹಾಗೆ ಸೋಪಿಗೆ ಕರಗುತ್ತದೆ. ಹಾಗಾಗಿ ಅಂಗನವಾಡಿಯಿಂದ ಬಂದ ಮಗುವಿಗೆ ಬಾಗಿಲಲ್ಲೇ 20 ಸೆಕೆಂಡು ಸೋಪು ಹಚ್ಚಿ ಕೈ, ಆಮೇಲೆ ಮುಖ, ಮೂಗು ತೊಳೆಸಿ, ಅಂಗಿ ಬದಲಿಸಿ. ಮುತ್ತು ಕೊಡುವುದಿದ್ದರೆ ಪಾದಕ್ಕೆ. ಚಿಕ್ಕ ಮಕ್ಕಳಿಗೆ "ಮುಟ್ಟಬೇಡ" ಎಂಬ ಮಾತು ನಾಟುವುದಿಲ್ಲ, "ಪುಟ್ಟನ ಕಾಲು ನಿನ್ನದು" ಎಂದರೆ ನಾಟುತ್ತದೆ. ಕೂಸಿನ ಟವೆಲು, ಚಮಚ ಬೇರೆ. ದೊಡ್ಡ ಮಗುವಿನ ಸಿಂಬಳ ಒರೆಸಿದ ಸೆರಗಿನಿಂದಲೇ ಕೂಸಿನ ಬಾಯಿ ಒರೆಸುವುದು ಎಲ್ಲ ಮನೆಯಲ್ಲೂ ಕಾಣುತ್ತದೆ, ಇದನ್ನು ಹೆಸರಿಟ್ಟು ಹೇಳಿ. ಮಲಗುವಾಗ ನೆಗಡಿಯ ಮಗು ಗೋಡೆಯ ಆ ಬದಿ, ನಡುವೆ ಅಪ್ಪ, ಆಮೇಲೆ ತಾಯಿ, ಕೂಸು ಈ ಬದಿಯ ತೊಟ್ಟಿಲಲ್ಲಿ. ನೆಗಡಿಯ ಮಗುವಿನ ತಲೆಯ ದಿಕ್ಕನ್ನೂ ತಿರುಗಿಸಿ ಹಾಕಿದರೆ ಇನ್ನೊಂದಿಷ್ಟು ಅಡಿ ದೂರ ಸಿಗುತ್ತದೆ.

---

ಔಷಧ_ಕೌಂಟರ್

ಮೆಡಿಕಲ್ ಶಾಪಿನ ಕಡೆಯಿಂದ ಕೆಲವು ಮಾತು. ಇಲ್ಲಿ ಆಗುವ ತಪ್ಪುಗಳೂ ಕೂಸಿನ ಜೀವಕ್ಕೆ ಬರುತ್ತವೆ.

ಕೆಮ್ಮಿನ ಸಿರಪ್ ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧವನ್ನು ಬರೆಯಬಾರದು, ಕೊಡಬಾರದು ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದಿದೆ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಸೇರಿದ ಹನಿಯನ್ನು ನಾಲ್ಕು ವರ್ಷದೊಳಗೆ ಕೊಡಬಾರದೆಂದು ಲೇಬಲ್ ಮೇಲೆ ಹಾಕಬೇಕು ಎಂಬ ಆದೇಶ 2023ರಲ್ಲೇ ಬಂದಿದೆ. ಈ ಔಷಧಗಳು ಕೂಸನ್ನು ಮಂಪರಿಗೆ ಹಾಕುತ್ತವೆ. ಮನೆಯವರು ಆರಾಮಾಗಿ ಮಲಗಿದೆ ಎಂದುಕೊಳ್ಳುತ್ತಾರೆ, ಸುಸ್ತಾಗಿ ಮಲಗಿದ್ದೋ ಔಷಧದಿಂದಲೋ ಯಾರಿಗೂ ತಿಳಿಯುವುದಿಲ್ಲ.

ಪ್ಯಾರಾಸಿಟಮಾಲ್: ಮೂರು ತಿಂಗಳೊಳಗೆ ಡಾಕ್ಟರು ನೋಡದೆ ಕೊಡಬೇಡಿ. ಆಮೇಲೆ ಕೆಜಿಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲ ಮೀರದಂತೆ. ತೊಂದರೆ ಬರುವುದು ಬಾಟಲಿಗಳಲ್ಲಿ. ಹನಿ ಔಷಧದ ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಇರುವುದೂ ಉಂಟು, 250 ಇರುವುದೂ ಉಂಟು. 6 ಕೆಜಿ ಕೂಸಿಗೆ 60ರಿಂದ 90 ಮಿಲಿಗ್ರಾಂ ಬೇಕು. ಹನಿಯಲ್ಲಿ ಅದು 0.6ರಿಂದ 0.9 ಎಂಎಲ್, 125ರ ಸಿರಪ್ಪಿನಲ್ಲಿ 2.4ರಿಂದ 3.6 ಎಂಎಲ್. ಹಿಂದಿನ ಸಲ ಸಿರಪ್ 3 ಎಂಎಲ್ ಕೊಟ್ಟಿದ್ದೆವು ಎಂದು ಈ ಸಲ ಹನಿ ಬಾಟಲಿಯಿಂದ 3 ಎಂಎಲ್ ಕೊಟ್ಟರೆ 300 ಮಿಲಿಗ್ರಾಂ ಒಳಗೆ ಹೋಯಿತು. ಬಾಟಲಿಯನ್ನೇ ಎದುರಿಟ್ಟುಕೊಂಡು ಅದರ ಮೇಲೆ ಪೆನ್ನಿನಲ್ಲಿ ಎಂಎಲ್ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ.

ಮೂಗಿಗೆ ಬೇಕಿರುವುದು ಉಪ್ಪುನೀರಿನ ಹನಿ, 0.65 ಅಥವಾ 0.9 ಶೇಕಡಾ. ಲೇಬಲ್‌ನಲ್ಲಿ ಸೋಡಿಯಂ ಕ್ಲೋರೈಡ್ ಬಿಟ್ಟು ಬೇರೆ ಔಷಧ ಇರಬಾರದು. ಆಕ್ಸಿಮೆಟಾಜೋಲಿನ್, ಝೈಲೋಮೆಟಾಜೋಲಿನ್ ಎಂದಿದ್ದರೆ ಅದು ಮೂಗು ಬಿಚ್ಚುವ ಬೇರೆಯೇ ಔಷಧ, ಎಳೆಗೂಸಿನಲ್ಲಿ ಉಸಿರು, ಎದೆಬಡಿತ ನಿಧಾನ ಮಾಡಬಲ್ಲದು. ಡಬ್ಬಿಗಳು ನೋಡಲು ಅವಳಿಜವಳಿ ಇರುತ್ತವೆ. ಮನೆಯಲ್ಲೇ ಉಪ್ಪು ಬೆರೆಸುವುದು ಬೇಡ, ಚಿಟಿಕೆಯ ಲೆಕ್ಕ ತಪ್ಪಿದರೆ ಮೂಗು ಉರಿಯುತ್ತದೆ, ನೀರು ಶುದ್ಧವಿರದಿದ್ದರೆ ಇನ್ನೊಂದು ಕಾಯಿಲೆ. ಪ್ರತಿ ಸಲ ಹಾಲಿಗೆ ಮುಂಚೆ ಎರಡೂ ಹೊಳ್ಳೆಗೆ ಎರಡೆರಡು ಹನಿ ಬಿಟ್ಟು ರಬ್ಬರ್ ಬಲ್ಬ್‌ನಲ್ಲಿ ಸೆಳೆದು ತೆಗೆದರೆ ಕೂಸು ಚೆನ್ನಾಗಿ ಕುಡಿಯುತ್ತದೆ.

---

ಮಕ್ಕಳವಾರ್ಡ್

ಔಷಧ_ಕೌಂಟರ್ ಅವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಹನಿ ಪ್ರತಿ ಸಲ ಹಾಕಬಹುದು, ಬಲ್ಬ್‌ನಿಂದ ಸೆಳೆಯುವುದು ದಿನಕ್ಕೆ ಮೂರು ನಾಲ್ಕು ಸಲ ಮೀರಬಾರದು. ಎಳೆಗೂಸು ದಿನಕ್ಕೆ ಹತ್ತು ಸಲ ಕುಡಿಯುತ್ತದೆ, ಹತ್ತು ಸಲ ಸೆಳೆದರೆ ಮೂಗಿನ ಒಳಪೊರೆ ಕೆರೆದು ಊದಿ ಇದ್ದದ್ದಕ್ಕಿಂತ ಹೆಚ್ಚು ಕಟ್ಟಿಕೊಳ್ಳುತ್ತದೆ, ರಕ್ತವೂ ಬರಬಹುದು. ಕ್ರಮ ಹೀಗಿರಲಿ: ಹನಿ ಹಾಕಿ ಒಂದು ನಿಮಿಷ ಬಿಡಿ. ಬಲ್ಬನ್ನು ಹೊರಗೇ ಒತ್ತಿ ಹಿಡಿದು, ತುದಿಯನ್ನು ಹೊಳ್ಳೆಯ ಬಾಗಿಲಿಗೆ ಮಾತ್ರ ಇಟ್ಟು, ನಿಧಾನ ಬಿಡಿ. ಒಳಗಿಟ್ಟು ಒತ್ತಿದರೆ ಸಿಂಬಳ ಹಿಂದಕ್ಕೆ ಹೋಗುತ್ತದೆ. ಹಾಲು ಕುಡಿದ ಮೇಲೆ ಮಾಡಿದರೆ ಕಕ್ಕುತ್ತದೆ. ಪ್ರತಿ ಸಲ ಸೋಪುನೀರಿನಲ್ಲಿ ತೊಳೆದು ಬಾಯಿ ಕೆಳಗಾಗಿ ಒಣಗಿಸಿ. ಎಳೆಗೂಸು ಬಹುಪಾಲು ಮೂಗಿನಲ್ಲೇ ಉಸಿರಾಡುತ್ತದೆ, ಹಾಗಾಗಿ ಇಷ್ಟು ಸಣ್ಣ ಕೆಲಸದಿಂದಲೇ ಎಷ್ಟೋ ಕೂಸುಗಳ ಏದುಸಿರು ಇಳಿಯುತ್ತದೆ.

ಬಿಸಿನೀರಿನ ಹಬೆಯಿಂದ ಲಾಭ ಇಲ್ಲ, ಸುಟ್ಟಗಾಯ ಆಗುತ್ತದೆ. ದೊಡ್ಡವರ ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಸಿನ ಬೆರಳಿಗೆ ಸರಿ ಕೂರುವುದಿಲ್ಲ, 98 ತೋರಿಸಿತೆಂದು ಪಕ್ಕೆ ಸೆಳೆತವನ್ನು ಕಡೆಗಣಿಸಬೇಡಿ.

---

ಲೆಸ್ಟರ್_ಕನ್ನಡತಿ

ಲಸಿಕೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇಲ್ಲಿ ಇಂಗ್ಲೆಂಡಿನಲ್ಲಿ ಇಮ್ಯುನೈಸೇಷನ್ (ಲಸಿಕೆ ಹಾಕುವ) ಕೆಲಸದಲ್ಲಿದ್ದೇನೆ.

ವಿದೇಶದಲ್ಲಿ ಎರಡು ಬಗೆ ಇವೆ, ಜನ ಎರಡನ್ನೂ "ಆರ್‌ಎಸ್‌ವಿ ಲಸಿಕೆ" ಎನ್ನುತ್ತಾರೆ. ಒಂದು, ಬಸುರಿಗೆ ಕೊಡುವ ಅಬ್ರಿಸ್ವೋ. ಇಂಗ್ಲೆಂಡಿನಲ್ಲಿ 2024ರ ಸೆಪ್ಟೆಂಬರ್‌ನಿಂದ 28 ವಾರ ತುಂಬಿದವರಿಗೆ ವರ್ಷವಿಡೀ ಕೊಡುತ್ತಾರೆ. ಅಮೆರಿಕದಲ್ಲಿ 32ರಿಂದ 36 ವಾರ 6 ದಿನದ ನಡುವೆ, ಹೆಚ್ಚಿನ ಕಡೆ ಸೆಪ್ಟೆಂಬರ್‌ನಿಂದ ಜನವರಿವರೆಗೆ ಮಾತ್ರ. ತಾಯಿಯ ಪ್ರತಿಕಾಯ ಕೂಸಿಗೆ ದಾಟಲು ಕನಿಷ್ಠ 14 ದಿನ ಬೇಕು. ದೊಡ್ಡ ಪ್ರಯೋಗದಲ್ಲಿ ಹುಟ್ಟಿದ ಮೊದಲ 90 ದಿನ ತೀವ್ರ ಕಾಯಿಲೆಯನ್ನು ಶೇ. 81.8ರಷ್ಟು, 180 ದಿನಗಳ ಲೆಕ್ಕದಲ್ಲಿ ಶೇ. 69.4ರಷ್ಟು ತಗ್ಗಿಸಿತು. ಹೆಸರನ್ನು ಸರಿಯಾಗಿ ಕೇಳಿ ಹಾಕಿಸಿಕೊಳ್ಳಬೇಕು. ಹಿರಿಯರಿಗೆಂದು ಇರುವ ಅರೆಕ್ಸ್‌ವಿ ಬಸುರಿಯರಿಗಲ್ಲ, ಅಮೆರಿಕದಲ್ಲಿ ಅದು ತಪ್ಪಾಗಿ ಬಸುರಿಯರಿಗೆ ಹೋದ ಪ್ರಕರಣಗಳಿವೆ.

ಇನ್ನೊಂದು ನಿರ್ಸೆವಿಮ್ಯಾಬ್, ಹುಟ್ಟಿದ ಕೂಸಿನ ತೊಡೆಗೆ ಕೊಡುವುದು. ಇದು ಲಸಿಕೆಯಲ್ಲ, ಸಿದ್ಧ ಪ್ರತಿಕಾಯ. ಲಸಿಕೆ ಮೈಗೆ ಅಡುಗೆ ಕಲಿಸುತ್ತದೆ, ಇದು ಬುತ್ತಿ ಕಟ್ಟಿಕೊಡುತ್ತದೆ. 5 ಕೆಜಿಗಿಂತ ಕಡಿಮೆ ಇದ್ದರೆ 50 ಮಿಲಿಗ್ರಾಂ, ಮೇಲಿದ್ದರೆ 100, ಒಂದೇ ಸಲ. ಬುತ್ತಿ ಐದು ತಿಂಗಳಾದರೂ ಬರುತ್ತದೆ, ಆಮೇಲೆ ಮುಗಿಯುತ್ತದೆ. ತಾಯಿ ಸರಿಯಾದ ಸಮಯಕ್ಕೆ ಲಸಿಕೆ ಪಡೆದಿದ್ದರೆ ಹೆಚ್ಚಿನ ಕೂಸುಗಳಿಗೆ ಇದು ಬೇಕಾಗುವುದಿಲ್ಲ.

ಇಷ್ಟು ತಡವಾದದ್ದಕ್ಕೆ ನೋವಿನ ಕಾರಣವಿದೆ. ಈ ವೈರಸ್ಸನ್ನು 1956ರಲ್ಲಿ ಚಿಂಪಾಂಜಿಗಳಲ್ಲಿ ಗುರುತಿಸಿದರು, ಮರುವರ್ಷವೇ ಮಕ್ಕಳಲ್ಲಿ. 1960ರ ದಶಕದಲ್ಲಿ ಫಾರ್ಮಲಿನ್‌ನಿಂದ ಕೊಂದ ವೈರಸ್ಸಿನ ಲಸಿಕೆಯನ್ನು ಮಕ್ಕಳ ಮೇಲೆ ಪ್ರಯೋಗಿಸಿದಾಗ, ಲಸಿಕೆ ಪಡೆದವರಲ್ಲೇ ಕಾಯಿಲೆ ತೀವ್ರವಾಗಿ ಇಬ್ಬರು ಮಕ್ಕಳು ತೀರಿಕೊಂಡರು. ಕೋಶದೊಳಗೆ ನುಗ್ಗುವ ಮೊದಲು ವೈರಸ್ಸಿನ ಎಫ್ ಪ್ರೊಟೀನ್ (ಕೋಶಕ್ಕೆ ನುಗ್ಗಲು ಅದು ಬಳಸುವ ಮೇಲ್ಮೈ ಭಾಗ) ಹೇಗಿರುತ್ತದೆ ಎಂಬುದು 2013ರಲ್ಲಿ ತಿಳಿದ ಮೇಲಷ್ಟೇ ಇಂದಿನ ಲಸಿಕೆಗೆ ದಾರಿಯಾಯಿತು. "ಹೊಸದು, ನಂಬಬಹುದೇ" ಎಂದು ಕೇಳುವವರಿಗೆ ಈ ಎಚ್ಚರದ ಚರಿತ್ರೆಯನ್ನು ಮುಚ್ಚಿಡದೆ ಹೇಳುವುದೇ ಸರಿ.

ಭಾರತದ ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿ ಎರಡೂ ಇಲ್ಲ. ಎಲ್ಲ ದೇಶಗಳೂ ಇವುಗಳಲ್ಲಿ ಒಂದನ್ನು ತರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಮೇ ತಿಂಗಳಲ್ಲಿ ಹೇಳಿದೆ. ಈ ಕಾಯಿಲೆಯಿಂದ ಸಾಯುವ ಮಕ್ಕಳಲ್ಲಿ ಶೇ. 97 ಮಂದಿ ಬಡ, ಮಧ್ಯಮ ಆದಾಯದ ದೇಶಗಳವರು. ಅವರಿಗೇ ಕೊನೆಗೆ ಸಿಗುವುದು ನ್ಯಾಯವಲ್ಲ. ಅಲ್ಲಿಯವರೆಗೆ ಪಟ್ಟಿಯಲ್ಲಿರುವುದನ್ನು ತಪ್ಪಿಸಬೇಡಿ. 6, 14ನೇ ವಾರ, 9ನೇ ತಿಂಗಳ ಪಿಸಿವಿ (ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಲಸಿಕೆ), 6, 10, 14ನೇ ವಾರದ ಪೆಂಟಾ ಆರ್‌ಎಸ್‌ವಿಯನ್ನು ತಡೆಯುವುದಿಲ್ಲ, ಬ್ಯಾಕ್ಟೀರಿಯಾದ ನ್ಯುಮೋನಿಯಾವನ್ನು ತಡೆಯುತ್ತವೆ.

ವಿದೇಶದಿಂದ ಊರಿಗೆ ಬರುವವರಿಗೂ ಒಂದು ಮಾತು. ಅಮೆರಿಕದಲ್ಲಿ ನಿರ್ಸೆವಿಮ್ಯಾಬ್ ಹೆಚ್ಚಾಗಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್, ಮೇನಲ್ಲಿ ಹುಟ್ಟಿದ ಕೂಸಿಗೆ ಸಿಕ್ಕಿರುವುದಿಲ್ಲ. ಅದನ್ನು ಆಗಸ್ಟ್‌ನಲ್ಲಿ ಅಜ್ಜಿ ಮನೆಗೆ ಕರೆತಂದರೆ ಕರ್ನಾಟಕದ ಸೀಸನ್ನಿಗೆ ಬರಿಗೈಯಲ್ಲಿ ಬಂದಂತೆ. ಹಿಂದಿನ ಅಕ್ಟೋಬರ್‌ನಲ್ಲಿ ಪಡೆದ ಕೂಸಿನ ಬುತ್ತಿಯೂ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಟಿಕೆಟ್ ತೆಗೆಯುವ ಮೊದಲೇ ಅಲ್ಲಿನ ಮಕ್ಕಳ ವೈದ್ಯರಿಗೆ ಪ್ರಯಾಣದ ತಿಂಗಳು ತಿಳಿಸಿ.

---

ಉಪಕೇಂದ್ರ_ಮಲೆನಾಡು

ಬಹಳ ಉಪಕಾರ. ಕೊನೆಯದಾಗಿ, 108ಕ್ಕೆ ಫೋನ್ ಮಾಡಿ ಗಾಡಿ ಬರುವವರೆಗೆ ಘಾಟಿ ಊರುಗಳಲ್ಲಿ ಮುಕ್ಕಾಲು ಗಂಟೆ ಆಗಬಹುದು. ಆ ಹೊತ್ತಿನಲ್ಲಿ ಮನೆಯವರು ಏನು ಮಾಡಬೇಕು?

---

ಮಕ್ಕಳವಾರ್ಡ್

ಕೂಸನ್ನು ತಾಯಿಯ ಎದೆಗೆ ಒರಗಿಸಿ, ತಲೆ ಎತ್ತರದಲ್ಲಿ, ಕತ್ತು ಮುಂದಕ್ಕೆ ಬಾಗದ ಹಾಗೆ ಹಿಡಿದಿರಲಿ. ಎದೆಯ ಸುತ್ತ ಬಿಗಿದ ಬಟ್ಟೆ ಸಡಿಲಿಸಿ, ತಲೆ, ಕಾಲು ಬೆಚ್ಚಗಿರಲಿ. ಮೂಗಿಗೆ ಉಪ್ಪುನೀರು ಹನಿ. ಚೀಪುವ ಶಕ್ತಿ ಇದ್ದರೆ ಸ್ವಲ್ಪ ಸ್ವಲ್ಪ ಹಾಲು. ಉಸಿರು 70 ದಾಟಿದ್ದರೆ, ಮಂಪರಿದ್ದರೆ ಬಾಯಿಗೆ ಏನೂ ಹಾಕಬಾರದು, ಚಮಚದ ಹಾಲೂ ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರು ನಿಂತಂತೆ ಕಂಡರೆ ಅಂಗಾಲು ತಟ್ಟಿ, ಬೆನ್ನು ಉಜ್ಜಿ. ಬಹುಪಾಲು ಕೂಸುಗಳು ಮತ್ತೆ ಉಸಿರೆಳೆದುಕೊಳ್ಳುತ್ತವೆ. ಎಳೆದುಕೊಳ್ಳದಿದ್ದರೆ ಕೂಸಿನ ಬಾಯಿ, ಮೂಗು ಎರಡನ್ನೂ ತಮ್ಮ ಬಾಯಿಂದ ಮುಚ್ಚಿ, ಎದೆ ಏಳುವಷ್ಟೇ ಸಣ್ಣ ಉಸಿರು ಕೊಡಬೇಕು. ಇದನ್ನು ಸಭೆಯಲ್ಲಿ ಗೊಂಬೆಯ ಮೇಲೆ ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿ.

ಫೋನ್ ಮಾಡುವಾಗಲೇ "ಎಳೆಗೂಸು, ಉಸಿರಾಟದ ತೊಂದರೆ, ಆಕ್ಸಿಜನ್ ಬೇಕು" ಎಂದು ಹೇಳಲಿ. ನಿಮ್ಮ ಚೀಟಿಯಲ್ಲಿ ಹುಟ್ಟಿದ ವಾರ, ಈಗಿನ ತೂಕ, ನೆಗಡಿ ಶುರುವಾಗಿ ಎಷ್ಟನೇ ದಿನ, ನೀವು ಎಣಿಸಿದ ಉಸಿರು ಮತ್ತು ಗಂಟೆ, ಕೊನೆಯ ಸಲ ಕುಡಿದ ಹೊತ್ತು, ಕೊನೆಯ ಸಲ ಉಚ್ಚೆ ಹೊಯ್ದ ಹೊತ್ತು, ಕೊಟ್ಟ ಔಷಧ ಬರೆಯಿರಿ. ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದರೆ ಮೊದಲ ಸಾಲಿನಲ್ಲೇ ಬರೆಯಿರಿ.

ವಾರ್ಡಿನಿಂದ ಮನೆಗೆ ಬಂದ ಮೇಲೂ ಕೆಮ್ಮು ಎರಡು ಮೂರು ವಾರ ಇರುತ್ತದೆ. ಹಾಲು ಕುಡಿಯುತ್ತಾ, ಉಸಿರು ಲೆಕ್ಕದೊಳಗೆ ಇದ್ದರೆ ಅದಕ್ಕೆ ಔಷಧ ಬೇಡ. ಎಳೆಗೂಸು ಗುಣವಾದ ಮೇಲೂ ಮೂರು ನಾಲ್ಕು ವಾರ ವೈರಸ್ ಹೊರಬಿಡುತ್ತಿರಬಹುದು, ಪಕ್ಕದ ಮನೆಯಲ್ಲಿ ಇನ್ನೊಂದು ಎಳೆಗೂಸಿದ್ದರೆ ಅಷ್ಟು ದಿನ ಎರಡನ್ನೂ ಒಂದೇ ಚಾಪೆಯ ಮೇಲೆ ಮಲಗಿಸಬೇಡಿ.